ನೀರು ನಿಲ್ಲಿಸಬೇಡಿ, ಮುಂಗಡದ ಲೆಕ್ಕ ತೆಗೆಯಿರಿ

ಮೈಸೂರಿನ ಕುವೆಂಪುನಗರದ ಓದುಗರೊಬ್ಬರ ಪತ್ರ: ‘ಮೇಲಿನ ಮನೆಯನ್ನು ತಿಂಗಳಿಗೆ 12,000 ರೂಪಾಯಿ ಬಾಡಿಗೆ, ಒಂದು ಲಕ್ಷ ಮುಂಗಡಕ್ಕೆ ಕೊಟ್ಟಿದ್ದೇನೆ. ಹನ್ನೊಂದು ತಿಂಗಳ ಕರಾರು ಮುಗಿದು ಆರು ತಿಂಗಳಾಯಿತು. ಹೆಬ್ಬಾಳದ ಕಾರ್ಖಾನೆಯಲ್ಲಿ ಬಾಡಿಗೆದಾರರ ಕೆಲಸ ಹೋದಂದಿನಿಂದ, ಮೂರು ತಿಂಗಳಾಯಿತು, ಬಾಡಿಗೆ ಬಂದಿಲ್ಲ. ಇಬ್ಬರು ಮಕ್ಕಳಿದ್ದಾರೆ. ನೀರು, ಕರೆಂಟು ನಿಲ್ಲಿಸಿದರೆ ತಾವಾಗಿ ಹೋಗುತ್ತಾರೆ ಎನ್ನುತ್ತಾರೆ ನೆರೆಯವರು. ಏನು ಮಾಡಲಿ?’

ಅಮ್ಮಾ, ಆ ಸಲಹೆಯನ್ನು ದಯವಿಟ್ಟು ಕಿವಿಗೆ ಹಾಕಿಕೊಳ್ಳಬೇಡಿ. ಬಾಕಿ ಅಪ್ಪನದು, ಬಾಯಾರಿಕೆ ಮಕ್ಕಳದು. ಕಾನೂನೂ ನಿಮ್ಮ ಕಡೆ ನಿಲ್ಲುವುದಿಲ್ಲ. ಬೀಗ ಜಡಿದು ಹೊರಹಾಕಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ಅವರು ದಾವೆ ಹೂಡಬಹುದು. ಬಾಡಿಗೆ ಕೊಡದವರು ವಾದಿ, ನೀವು ಪ್ರತಿವಾದಿ!

ಕರಾರು ಮುಗಿದ ಮಾತ್ರಕ್ಕೆ ಅವರು ಅತಿಕ್ರಮಣಕಾರರಾಗುವುದಿಲ್ಲ. ಆಮೇಲೂ ಮೂರು ತಿಂಗಳು ಬಾಡಿಗೆ ತೆಗೆದುಕೊಂಡಿದ್ದೀರಿ. ಅಲ್ಲಿಗೆ ಅದು ತಿಂಗಳಿಂದ ತಿಂಗಳಿಗೆ ಮುಂದುವರಿಯುವ ಬಾಡಿಗೆಯಾಯಿತು. ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯವೆಂಬ ಕಾರಣಕ್ಕೆ ಎಲ್ಲರೂ ಹನ್ನೊಂದು ತಿಂಗಳಿಗೆ ಬರೆಸುತ್ತಾರೆ, ಅಷ್ಟೆ. ಬಾಡಿಗೆ 3,500 ರೂಪಾಯಿ ಮೀರಿರುವುದರಿಂದ 1999ರ ಕರ್ನಾಟಕ ಬಾಡಿಗೆ ಕಾಯ್ದೆ ನಿಮಗೆ ಅನ್ವಯಿಸುವುದಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ ಹದಿನೈದು ದಿನಗಳ ಲಿಖಿತ ನೋಟಿಸ್ ಕೊಡಬೇಕು, ವಕೀಲರಿಂದ ಬರೆಸಿ. ಅದಕ್ಕೂ ಬಗ್ಗದಿದ್ದರೆ ನ್ಯಾಯಾಲಯ.

ಆದರೆ ಅಲ್ಲಿಯವರೆಗೆ ಹೋಗಬೇಕಾಗಿಲ್ಲ ಎಂದೇ ನನ್ನ ನಂಬಿಕೆ. ಬಾಕಿ 36,000, ಕೈಯಲ್ಲಿರುವ ಮುಂಗಡ ಒಂದು ಲಕ್ಷ. ಇಂಥ ದಿನಕ್ಕೆಂದೇ ಅಲ್ಲವೇ ಮುಂಗಡ ಪಡೆಯುವುದು? ನೀವು ಇನ್ನೂ ಒಂದು ರೂಪಾಯಿಯನ್ನೂ ಕಳೆದುಕೊಂಡಿಲ್ಲ. ತಡಮಾಡಿದರೆ ಮಾತ್ರ ಕಳೆದುಕೊಳ್ಳುತ್ತೀರಿ. ಈ ಭಾನುವಾರವೇ ಮೇಲೆ ಹೋಗಿ, ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಮಾತನಾಡಿ. ಇಂಥ ದಿನದೊಳಗೆ ಮನೆ ಬಿಟ್ಟರೆ ಬಾಕಿ ಮುರಿದುಕೊಂಡು ಉಳಿದದ್ದನ್ನು ಅಂದೇ ಕೊಡುತ್ತೇನೆ ಎಂದು ಬರೆದು, ಅವರಿಂದಲೂ ಸಹಿ ಹಾಕಿಸಿ. ಕೆಲಸ ಕಳೆದುಕೊಂಡವರು ಮನೆ ಬಿಡದಿರುವುದು ಬಹಳ ಸಲ ಹಟದಿಂದಲ್ಲ. ಮುಂದಿನ ಮನೆಯ ಮುಂಗಡಕ್ಕೆ ಕಾಸಿಲ್ಲದೆ. ಅವರ ಆ ಕಾಸು ನಿಮ್ಮ ಬಳಿಯೇ ಇದೆ. (ಅದನ್ನು ಖರ್ಚು ಮಾಡಿ, ಹೊಸ ಬಾಡಿಗೆದಾರರು ಬರಲಿ, ಆಮೇಲೆ ಕೊಡುತ್ತೇನೆ ಎನ್ನುವ ಮಾಲೀಕರು ಬಹಳ. ನೀವು ಹಾಗೆ ಮಾಡಿದ್ದರೆ ಮೊದಲು ಹಣ ಹೊಂದಿಸಿಕೊಳ್ಳಿ.) ಗಡುವು ಆಷಾಢಕ್ಕೆ ಬೀಳದಿರಲಿ, ಆ ತಿಂಗಳು ಹೊಸ ಮನೆಯಲ್ಲಿ ಹಾಲು ಉಕ್ಕಿಸಲು ನಮ್ಮವರು ಒಪ್ಪುವುದಿಲ್ಲ.

ಖಾಲಿ ಮಾಡುವ ದಿನ ಮೀಟರಿನ ಅಂಕಿಯನ್ನು ಇಬ್ಬರೂ ನೋಡಿ ಬರೆದುಕೊಳ್ಳಿ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಗೆ ನಿಮ್ಮ ಕರೆಂಟು ಬಿಲ್ಲಿನ ಆರ್‌ಆರ್ ಸಂಖ್ಯೆಯೊಂದಿಗೆ ಅವರ ಆಧಾರ್ ಜೋಡಿಸಿದ್ದರೆ ಅದನ್ನು ಅವರಿಂದಲೇ ತೆಗೆಸಿ; ಇಲ್ಲದಿದ್ದರೆ ಮುಂದೆ ಬರುವವರು ಪರದಾಡಬೇಕಾಗುತ್ತದೆ. ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿಯುವ ರೂಢಿ ನಮ್ಮಲ್ಲಿದೆ. ಕರಾರಿನಲ್ಲಿ ಅದನ್ನು ಬರೆದಿಲ್ಲವಾದರೆ ಮುರಿಯಬೇಡಿ.

– ಸಂಪಾದಕ