ಇಸವಿ ಹಾಕಿದ್ರಾ? ಹಾಗಾದ್ರೆ ಹ್ಯಾವ್ ತೆಗೀರಿ ಮಾರಾಯ್ರೆ

ನೀವು ಕಳಿಸಿದ ಇಂಗ್ಲಿಷ್ ಪ್ರಶ್ನೆಗಳಲ್ಲಿ ಈ ಸಲವೂ ಅರ್ಧಕ್ಕರ್ಧ ಪ್ರೆಸೆಂಟ್ ಪರ್ಫೆಕ್ಟ್‌ದೇ, ಅಂದ್ರೆ "ಐ ಹ್ಯಾವ್ ಕಂಪ್ಲೀಟೆಡ್" ಅಂತ ಹ್ಯಾವ್, ಹ್ಯಾಸ್ ಹಾಕಿ ಹೇಳುದು. ಹ್ಯಾವ್ ಯಾರಿಗೆ ಹ್ಯಾಸ್ ಯಾರಿಗೆ ಅಂತ ನಾನಿಲ್ಲಿ ಹೇಳ್ತಾ ಕೂರುದಿಲ್ಲ, ಅದು ಶಾಲೆಯಲ್ಲೇ ಆದದ್ದು.

ಪ್ರಶ್ನೆ: ಗಲ್ಫ್ ಕೆಲಸದ ಅಪ್ಲಿಕೇಶನ್ನಿನಲ್ಲಿ "ಐ ಹ್ಯಾವ್ ಕಂಪ್ಲೀಟೆಡ್ ಬಿಕಾಂ ಇನ್ 2018" ಅಂತ ಬರೆದೆ, ಫ್ರೆಂಡ್ ತಪ್ಪು ಅಂದ. ಕೋಚಿಂಗಿನಲ್ಲಿ "ಇದ್ದೇನೆ ಬಂದಲ್ಲೆಲ್ಲ ಹ್ಯಾವ್ ಹಾಕಿ" ಅಂತ ಹೇಳಿಕೊಟ್ಟಿದ್ರು. ಯಾವುದು ಸರಿ? (ಸುರತ್ಕಲ್)

ನಿಮ್ಮ ಫ್ರೆಂಡ್ ಹೇಳಿದ್ದೇ ಸರಿ. ಈ ಇದ್ದೇನೆ-ಹ್ಯಾವ್ ಮಂತ್ರ ಯಾರು ಶುರು ಮಾಡಿದ್ದೋ, ಮೂವತ್ತು ದಿನದಲ್ಲಿ ಇಂಗ್ಲಿಷ್ ಅಂತ ಬೋರ್ಡ್ ಹಾಕಿದವರೆಲ್ಲ ಇದನ್ನೇ ಮಾರುದು, ಆಮೇಲೆ ರಿಪೇರಿಗೆ ನನ್ನ ಹತ್ರ ಬರುದು. ನೋಡಿ, "ದುಡ್ಡು ನಿನ್ನೆಯೇ ಕಳಿಸಿದ್ದೇನೆ" ಅಂತ ನಾವು ಹೇಳ್ತೇವಲ್ಲ, ಕನ್ನಡದಲ್ಲಿ ಅದು ಅಪ್ಪಟ ಸರಿ, ನಮ್ಮ ಇದ್ದೇನೆಗೆ ನಿನ್ನೆಯ ಜತೆ ಎಂತ ಜಗಳವೂ ಇಲ್ಲ. ಇಂಗ್ಲಿಷಿನ ಹ್ಯಾವ್‌ಗೆ ಉಂಟು. ಅದು ಆದದ್ದನ್ನು ಈಗಿಗೆ ಕಟ್ಟಿಹಾಕುದು. ಯಾವಾಗ ಆದದ್ದು ಅಂತ ನೀವು ಹೇಳಿದ ಕೂಡ್ಲೇ, ನಿನ್ನೆಯೋ 2018ಓ, ಆ ಕಟ್ಟು ಬಿಚ್ಚಿತು. "ಐ ಹ್ಯಾವ್ ಕಂಪ್ಲೀಟೆಡ್ ಬಿಕಾಂ", ಸರಿ, ಡಿಗ್ರಿ ಈಗ ಕೈಲುಂಟು. ಇಸವಿ ಬಂದ್ರೆ "ಐ ಕಂಪ್ಲೀಟೆಡ್ ಬಿಕಾಂ ಇನ್ 2018", ಅಷ್ಟೇ. ಮದುವೆ ಮನೆಯಲ್ಲಿ ದುಬೈಯಿಂದ ಬಂದವರಿಗೆ "ವೆನ್ ಹ್ಯಾವ್ ಯು ಕಮ್" ಅಂತ ಕೇಳುದೂ ಇದೇ ತಪ್ಪು, "ವೆನ್ ಡಿಡ್ ಯು ಕಮ್" ಆಗ್ಬೇಕು.

ಇದರದ್ದೇ ಅಣ್ಣ ಇನ್ನೊಂದುಂಟು, ನಿಮ್ಮ ಅಪ್ಲಿಕೇಶನ್ನಿನ ಎರಡನೇ ಸಾಲಿನಲ್ಲೇ ಕೂತಿದೆ: "ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್". ಹ್ಯಾವ್ ಬೇಡದಲ್ಲಿ ಹಾಕಿದ್ರಿ, ಬೇಕಾದಲ್ಲಿ ಬಿಟ್ರಿ! ನಾವು "ಐದು ವರ್ಷದಿಂದ ಮಾಡ್ತಾ ಇದ್ದೇನೆ" ಅನ್ನುದರಿಂದ ಆಮ್ ಬಂದುಬಿಡ್ತದೆ, ಮತ್ತೆ ನಮ್ಮ "ಇಂದ" ಐದು ವರ್ಷಕ್ಕೂ ಆಗ್ತದೆ 2018ಕ್ಕೂ ಆಗ್ತದೆ, ಇಂಗ್ಲಿಷಿನಲ್ಲಿ ಹಾಗಿಲ್ಲ, ಶುರುವಾದ ಹೊತ್ತಿಗೆ ಸಿನ್ಸ್, ಎಷ್ಟು ಕಾಲ ಅನ್ನುದಕ್ಕೆ ಫಾರ್. "ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್". ಇಲ್ಲಿ "ಸಿನ್ಸ್ 2018" ಅಂತ ಇಸವಿ ಬಂದ್ರೂ ಹ್ಯಾವ್ ಇರ್ತದೆ, ಯಾಕಂದ್ರೆ ಅದು 2018ರಲ್ಲಿ ಮುಗಿದದ್ದಲ್ಲ, ಅಲ್ಲಿಂದ ಇವತ್ತಿನವರೆಗೆ ಓಡ್ತಾ ಉಂಟು.

ರೆಸ್ಯೂಮೆಯಲ್ಲಿ ಇದು ತಮಾಷೆ ಅಲ್ಲ. "ಐ ವರ್ಕ್ಡ್ ದೇರ್ ಫಾರ್ ಫೈವ್ ಇಯರ್ಸ್" ಅಂದ್ರೆ ಬಿಟ್ಟಾಯ್ತು ಅಂತ, "ಹ್ಯಾವ್ ವರ್ಕ್ಡ್" ಅಂದ್ರೆ ಇನ್ನೂ ಅಲ್ಲೇ ಇದ್ದೀರಿ ಅಂತ ಓದಿಯಾರು. ಬಿಟ್ಟ ಕೆಲಸಕ್ಕೆ ಹ್ಯಾವ್ ಹಾಕಿ ಇಂಟರ್‌ವ್ಯೂನಲ್ಲಿ ತಡಬಡಾಯಿಸಿದವರನ್ನು ನೋಡಿದ್ದೇನೆ. ನಾನಾದ್ರೆ ಹಳೇ ಕೆಲಸಕ್ಕೆಲ್ಲ ಇಸವಿ ಹಾಕಿ ಸೀದಾ ಪಾಸ್ಟ್ ಟೆನ್ಸ್ ಬರೀತೇನೆ, ರಿಸ್ಕೇ ಬೇಡ.

ಉಳಿದದ್ದು ಬೇಗ ಬೇಗ.

"ಐ ಹ್ಯಾವ್ ವೆಂಟ್" ಹೇಳ್ಬಹುದಾ? (ಕಾಪು) ಇಲ್ಲ.

ಹ್ಯಾಸ್ ಗಾನ್, ಹ್ಯಾಸ್ ಬೀನ್ ಎಂತ ವ್ಯತ್ಯಾಸ? (ಬ್ರಹ್ಮಾವರ) ದುಬೈಗೆ ಗಾನ್ ಅಂದ್ರೆ ಹೋದವ ಇನ್ನೂ ಬರ್ಲಿಲ್ಲ, ಬೀನ್ ಅಂದ್ರೆ ಹೋಗಿ ಬಂದಾಯ್ತು.

ಮಗಳ ಭಾಷಣದಲ್ಲಿ "ಗಾಂಧೀಜಿ ಹ್ಯಾಸ್ ವಿಸಿಟೆಡ್ ಉಡುಪಿ" ಅಂತ ಉಂಟು, ಇಸವಿ ಇಲ್ಲವಲ್ಲ, ಸರಿಯಾ? (ಮಣಿಪಾಲ) ಅವರು ಬಂದದ್ದು 1934ರಲ್ಲಿ, ಅವರೇ ಈಗಿಲ್ಲ, ಇನ್ನು ಈಗಿಗೆ ಕಟ್ಟುದು ಯಾವುದನ್ನು? "ವಿಸಿಟೆಡ್" ಸಾಕು.

ಅಮೆರಿಕದವರು "ಡಿಡ್ ಯು ಈಟ್ ಯೆಟ್" ಅಂತಾರಲ್ಲ? (ಕದ್ರಿ) ಅಂತಾರೆ, ಜಸ್ಟ್, ಆಲ್ರೆಡಿ, ಯೆಟ್ ಇದ್ದಾಗ ಅವರಿಗೆ ಪಾಸ್ಟ್ ಟೆನ್ಸೂ ನಡೀತದೆ. ಆದ್ರೆ ಯೆಸ್ಟರ್‌ಡೇ ಜತೆ ಹ್ಯಾವ್ ಅವರೂ ಹಾಕುದಿಲ್ಲ, ಅವರ ಹೆಸ್ರು ಹೇಳಿ ತಪ್ಪಿಸಿಕೊಳ್ಳುದು ಬೇಡ.

"ಐ ಹ್ಯಾವ್ ಹ್ಯಾಡ್ ಮೈ ಲಂಚ್", ಇದು ಪ್ರಿಂಟ್ ಮಿಸ್ಟೇಕಾ? (ಉಳ್ಳಾಲ) ಅಲ್ಲ. ನಂದು ಊಟ ಆಯ್ತು ಅಂತ.