ಬೇಸಿಗೆ ರಜೆಗೆ ಕಾಸರಗೋಡಿನಲ್ಲಿ ಯಾವ ಸಂಗೀತ?

ಪ್ರಶ್ನೆ: ಏಪ್ರಿಲ್–ಮೇ ರಜೆಗೆ ಮಕ್ಕಳೊಂದಿಗೆ ಕಾಸರಗೋಡಿನ ತವರಿಗೆ ಬರುತ್ತೇನೆ. ಸಭಾಂಗಣದ ಕಚೇರಿಗಳನ್ನು ಬಿಟ್ಟು, ಅಲ್ಲಿನದೇ ಆದ ಯಾವ ಸಂಗೀತವನ್ನು ಅವರಿಗೆ ಕೇಳಿಸಬಹುದು?
– ಓದುಗರೊಬ್ಬರು, ಬೆಂಗಳೂರು

ಉತ್ತರ: ತಾವು ಕೇಳಿದ ಕಾಲ ಒಳ್ಳೆಯದೇ, ಆದರೆ ಮೇ ಕೊನೆಯವರೆಗೆ ಕಾಯಬೇಡಿ, ಯಕ್ಷಗಾನ ಮೇಳಗಳು ವೃಷಭ ಮಾಸದ ಹತ್ತನೆಯ ದಿನವಾದ ಪತ್ತನಾಜೆಗೆ, ಅಂದರೆ ಸುಮಾರು ಮೇ 24ಕ್ಕೆ, ಗೆಜ್ಜೆ ಬಿಚ್ಚಿ ವರ್ಷದ ತಿರುಗಾಟ ಮುಗಿಸುತ್ತವೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಗೆ ಬಂದು ಬಯಲಾಟ ನೋಡದೆ ಹೋಗುವುದು ನನ್ನ ಮಟ್ಟಿಗೆ ನಷ್ಟವೇ. ಹರಕೆಯ ಆಟಕ್ಕೆ ಟಿಕೆಟು ಇರುವುದಿಲ್ಲ. ಮಕ್ಕಳನ್ನು ರಂಗಸ್ಥಳದ ಎದುರಿಗೇ ಕೂರಿಸದೆ, ಹಿಮ್ಮೇಳ (ಹಾಡುವವರು, ನುಡಿಸುವವರು) ಚೆನ್ನಾಗಿ ಕಾಣುವಂತೆ ತುಸು ಬದಿಗೆ ಕೂರಿಸಿ: ಜಾಗಟೆ ಹಿಡಿದ ಭಾಗವತರು ಪದ ಎತ್ತುವುದನ್ನೂ, ಕುಳಿತ ಮದ್ದಳೆಗಾರರು ಅದನ್ನು ಹಿಂಬಾಲಿಸುವುದನ್ನೂ, ನಿಂತೇ ನುಡಿಸುವ ಚೆಂಡೆಯವರು ವೇಷದ ಪ್ರವೇಶಕ್ಕೆ ಒಮ್ಮೆಲೇ ಅಬ್ಬರಿಸುವುದನ್ನೂ ಅವರು ಅಲ್ಲಿಂದ ಸ್ಪಷ್ಟವಾಗಿ ಗಮನಿಸಬಹುದು. (ಧ್ವನಿವರ್ಧಕದ ಪಕ್ಕ ಮಾತ್ರ ಬೇಡ.)

ಚಂದ್ರಗಿರಿ ಹೊಳೆಯ ದಕ್ಷಿಣಕ್ಕೆ ಹೋದರೆ ದೈವಾರಾಧನೆಯ ಕುಣಿತವಾದ ತೆಯ್ಯಂನಲ್ಲಿ ದೈವದ ಕಥೆ ಹೇಳುವ ತೋಟ್ಟಂ ಹಾಡು ಸಿಗುತ್ತದೆ; ಆ ಋತುವೂ ಮಳೆಗೆ ಮುನ್ನ ಮುಗಿಯುತ್ತದೆ. ಮೊಗ್ರಾಲ್ ಮಾಪ್ಪಿಳಪ್ಪಾಟಿಗೆ, ಅಂದರೆ ಮಾಪ್ಪಿಳ ಮುಸ್ಲಿಮರ ಹಾಡಿಗೆ, ಹೆಸರಾದ ಊರು. ದೇವಸ್ಥಾನಗಳ ಉತ್ಸವದ ಆಮಂತ್ರಣ ಪತ್ರಿಕೆಯಲ್ಲಿ ಸಂಜೆಯ ಕಾರ್ಯಕ್ರಮದ ವಿವರವಿರುತ್ತದೆ. ಪ್ರಯಾಣ ಜೂನ್‌ಗೆ ಮುಂದೆ ಹೋದರೆ ಯಕ್ಷಗಾನದ ಹಾಡು, ಮಾತುಗಳನ್ನು ಕುಳಿತೇ ನಡೆಸುವ ತಾಳಮದ್ದಳೆ ಕೇಳಿ. ಅದಕ್ಕೆ ವೇಷವೂ ಬೇಡ, ಬಯಲೂ ಬೇಡ.