ಓದುಗರ ಪ್ರಶ್ನೆ: ಅನಂತಗಳಲ್ಲೂ ದೊಡ್ಡದು, ಚಿಕ್ಕದು ಉಂಟೆ?

ಸಂಖ್ಯೆಗಳು ಮತ್ತು ಅನಂತದ ಬಗ್ಗೆ ಬೆಂಗಳೂರಿನ ಓದುಗರು ಕಳಿಸಿದ ಕೆಲವು ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ಸಮ ಸಂಖ್ಯೆಗಳು ಸ್ವಾಭಾವಿಕ ಸಂಖ್ಯೆಗಳಲ್ಲಿ ಅರ್ಧ ಮಾತ್ರ. ಎರಡೂ ಗಣಗಳ ಗಾತ್ರ ಒಂದೇ ಎನ್ನುತ್ತಾರೆ ನಮ್ಮ ಮೇಷ್ಟ್ರು. ಹಾಗಾದರೆ ಬೆಸ ಸಂಖ್ಯೆಗಳು ಲೆಕ್ಕಕ್ಕಿಲ್ಲವೆ?
– ಪಿಯುಸಿ ವಿದ್ಯಾರ್ಥಿನಿ, ಬಸವನಗುಡಿ

ಉತ್ತರ: ಮೇಷ್ಟ್ರು ಹೇಳಿದ್ದು ಸರಿ. ಮದುವೆಮನೆಯ ಪಂಕ್ತಿಯಲ್ಲಿ ಪ್ರತಿಯೊಬ್ಬರ ಮುಂದೆ ಒಂದು ಎಲೆಯಿದ್ದು, ವಾರಸುದಾರರಿಲ್ಲದ ಎಲೆ ಒಂದೂ ಇಲ್ಲದಿದ್ದರೆ, ತಲೆ ಎಣಿಸದೆಯೇ ಜನರೂ ಎಲೆಗಳೂ ಸಮ ಎನ್ನಬಹುದು. ಅನಂತ ಗಣಗಳನ್ನು ಎಣಿಸಿ ಮುಗಿಸಲಾಗದು, ಹಾಗಾಗಿ ಈ ಜೋಡಣೆಯೇ ಅಲ್ಲಿ ಅಳತೆಗೋಲು. 1ಕ್ಕೆ 2, 2ಕ್ಕೆ 4, 3ಕ್ಕೆ 6, ಹೀಗೆ ಪ್ರತಿ ಸಂಖ್ಯೆಗೂ ಅದರ ಇಮ್ಮಡಿಯನ್ನು ಜೋಡಿಸಿ. ಎರಡೂ ಕಡೆ ಒಂದೂ ಮಿಗುವುದಿಲ್ಲ.

ನೀವು ಮನಸ್ಸಿನಲ್ಲಿ ಹಾಕಿಕೊಂಡದ್ದು ಬೇರೆ ಜೋಡಣೆ: 2ಕ್ಕೆ 2, 4ಕ್ಕೆ 4. ಅದರಲ್ಲಿ ಬೆಸ ಸಂಖ್ಯೆಗಳು ಮಿಗುತ್ತವೆ, ನಿಜ. ಆದರೆ ಯಾವುದೋ ಒಂದು ಜೋಡಣೆಯಲ್ಲಿ ಮಿಕ್ಕಿತೆಂದು ಆ ಗಣ ದೊಡ್ಡದಾಗುವುದಿಲ್ಲ. ಯಾವ ಜೋಡಣೆಯೂ ಸರಿಹೋಗದು ಎಂದು ತೋರಿಸಿದರೆ ಮಾತ್ರ ದೊಡ್ಡದು. ಗೆಲಿಲಿಯೊ 1638ರಲ್ಲೇ ವರ್ಗಸಂಖ್ಯೆಗಳನ್ನು ಹೀಗೆ ಜೋಡಿಸಿ ನೋಡಿದ್ದ. ಅನಂತಕ್ಕೆ ‘ಹೆಚ್ಚು, ಕಡಿಮೆ, ಸಮ’ ಎಂಬ ಮಾತೇ ಸಲ್ಲದು ಎಂದು ಅಲ್ಲಿಗೆ ಬಿಟ್ಟ. ಸಲ್ಲುತ್ತದೆ ಎಂದು ತೋರಿಸಿದವನು 19ನೆಯ ಶತಮಾನದ ಜರ್ಮನ್ ಗಣಿತಜ್ಞ ಗೆಯೋರ್ಗ್ ಕ್ಯಾಂಟರ್.

ಪ್ರಶ್ನೆ: 0 ಮತ್ತು 1ರ ನಡುವೆಯೇ ಲೆಕ್ಕವಿಲ್ಲದಷ್ಟು ಭಿನ್ನರಾಶಿಗಳಿವೆ. ಅವನ್ನು ಒಂದು, ಎರಡು, ಮೂರು ಎಂದು ಪಟ್ಟಿ ಮಾಡುವುದು ಹೇಗೆ ಸಾಧ್ಯ?
– ಗಣಿತ ಶಿಕ್ಷಕರು, ವಿಜಯನಗರ

ಉತ್ತರ: ಕಿರಿದರಿಂದ ಹಿರಿದಕ್ಕೆ ಬರೆಯಲು ಹೊರಟರೆ ಸಾಧ್ಯವಿಲ್ಲ. 0ಯ ನಂತರದ ಮೊದಲ ಭಿನ್ನರಾಶಿ ಯಾವುದು ಎಂಬ ಪ್ರಶ್ನೆಯಲ್ಲೇ ಕೆಲಸ ನಿಲ್ಲುತ್ತದೆ. ಛೇದ 1 ಇರುವುದನ್ನೆಲ್ಲ ಮೊದಲು ಬರೆಯೋಣ ಎಂದರೂ ಕೆಡುತ್ತದೆ: 1/1, 2/1, 3/1 ಎಂದು ಹೋಗುತ್ತಲೇ ಇರುತ್ತೀರಿ, 1/2ರ ಸರದಿ ಬರುವುದೇ ಇಲ್ಲ. ಪಟ್ಟಿ ಎಂದರೆ ಪ್ರತಿಯೊಂದಕ್ಕೂ ಇಷ್ಟನೆಯದು ಎಂಬ ನಿಗದಿತ ಕ್ರಮಸಂಖ್ಯೆ ಇರಬೇಕು.

ಆದ್ದರಿಂದ ಅಂಶ ಮತ್ತು ಛೇದದ ಮೊತ್ತ ಹಿಡಿದು ಬರೆಯಿರಿ. ಮೊತ್ತ 2: 1/1. ಮೊತ್ತ 3: 1/2, 2/1. ಮೊತ್ತ 4: 1/3, 3/1. (2/2 ಎಂದರೆ 1/1, ಅದು ಬಂದುಹೋಗಿದೆ, ಬಿಡಿ.) ಪ್ರತಿ ಮೊತ್ತದಲ್ಲೂ ಕೆಲವೇ ಭಿನ್ನರಾಶಿಗಳಿರುವುದರಿಂದ ಎಲ್ಲಕ್ಕೂ ಸರದಿ ಬಂದೇ ಬರುತ್ತದೆ.

ತರಗತಿಯಲ್ಲಿ ಮಕ್ಕಳಿಂದ ಮಾಡಿಸಲು ಇನ್ನೂ ಸೊಗಸಾದ ವಿಧಾನವೊಂದಿದೆ. 1ರಿಂದ ಶುರುಮಾಡಿ. ಕೈಯಲ್ಲಿರುವ ಭಿನ್ನರಾಶಿಯ ಪೂರ್ಣಾಂಕ ಭಾಗವನ್ನು ಇಮ್ಮಡಿಸಿ, 1 ಕೂಡಿಸಿ, ಅದರಿಂದ ಆ ಭಿನ್ನರಾಶಿಯನ್ನೇ ಕಳೆಯಿರಿ. ಬಂದದ್ದನ್ನು ತಲೆಕೆಳಗು ಮಾಡಿ. 3/2 ಇದ್ದರೆ: ಪೂರ್ಣಾಂಕ ಭಾಗ 1, ಇಮ್ಮಡಿ 2, ಒಂದು ಕೂಡಿದರೆ 3, ಅದರಲ್ಲಿ 3/2 ಕಳೆದರೆ 3/2, ತಲೆಕೆಳಗಾದರೆ 2/3. ಹೀಗೆ 1, 1/2, 2, 1/3, 3/2, 2/3, 3, 1/4 ಎಂದು ಪ್ರತಿ ಧನ ಭಿನ್ನರಾಶಿಯೂ ಸಂಕ್ಷಿಪ್ತ ರೂಪದಲ್ಲಿ ಒಂದೇ ಒಂದು ಸಲ ಬರುತ್ತದೆ. ಮರುಕಳಿಸುವುದನ್ನು ಅಳಿಸುವ ಕೆಲಸವೇ ಇಲ್ಲ.

ಪ್ರಶ್ನೆ: ಕ್ಯಾಂಟರ್‌ನ ಕರ್ಣ ವಾದದಲ್ಲಿ ವಾಸ್ತವ ಸಂಖ್ಯೆಗಳ (ದಶಮಾಂಶದಲ್ಲಿ ಬರೆಯಬಹುದಾದ ಎಲ್ಲ ಸಂಖ್ಯೆಗಳ) ಪಟ್ಟಿಯಿಂದ ಒಂದು ಸಂಖ್ಯೆ ತಪ್ಪಿಹೋಗುತ್ತದೆ. ಅದನ್ನು ಪಟ್ಟಿಯ ತಲೆಗೆ ಸೇರಿಸಿಬಿಟ್ಟರೆ ಆಯಿತಲ್ಲ?
– ಓದುಗರು, ಮಲ್ಲೇಶ್ವರ

ಉತ್ತರ: ಸೇರಿಸಿ. ಈಗ ನಿಮ್ಮ ಕೈಯಲ್ಲಿರುವುದು ಹೊಸ ಪಟ್ಟಿ, ಅದಕ್ಕೂ ತಪ್ಪಿಹೋದ ಸಂಖ್ಯೆಯೊಂದು ಇದ್ದೇ ಇದೆ. 1891ರ ಈ ವಾದ ಇಂತಿಂಥ ಪಟ್ಟಿ ಅಪೂರ್ಣ ಎನ್ನುವುದಿಲ್ಲ, ಯಾವ ಪಟ್ಟಿ ತಂದರೂ ಅಪೂರ್ಣ ಎನ್ನುತ್ತದೆ. ಹಾಗಾಗಿಯೇ ವಾಸ್ತವ ಸಂಖ್ಯೆಗಳ ಗಣ ಸ್ವಾಭಾವಿಕ ಸಂಖ್ಯೆಗಳ ಗಣಕ್ಕಿಂತ ದೊಡ್ಡದು.

ಒಮ್ಮೆ ಕೈಯಾರೆ ಮಾಡಿ ನೋಡಿ. ಪಟ್ಟಿಯ ಮೊದಲ ನಾಲ್ಕು ಸಾಲು ಹೀಗಿರಲಿ:

0.3141…
0.5000…
0.7454…
0.2225…

ಕರ್ಣದ ಅಂಕಿಗಳು (ಮೊದಲ ಸಾಲಿನ ಮೊದಲನೆಯದು, ಎರಡನೆಯ ಸಾಲಿನ ಎರಡನೆಯದು, ಹೀಗೆ) 3, 0, 5, 5. ನಿಯಮ ಇಷ್ಟು: ಅಂಕಿ 5 ಆಗಿದ್ದರೆ 4 ಬರೆಯಿರಿ, ಬೇರೆ ಯಾವುದಾದರೂ 5 ಬರೆಯಿರಿ. ಸಿಗುವುದು 0.5544… ಮೊದಲ ಸಾಲಿಗಿಂತ ಮೊದಲ ಅಂಕಿಯಲ್ಲಿ, ಎರಡನೆಯದಕ್ಕಿಂತ ಎರಡನೆಯ ಅಂಕಿಯಲ್ಲಿ, ಹೀಗೆ ಪ್ರತಿ ಸಾಲಿಗಿಂತಲೂ ಇದು ಬೇರೆ.

4 ಮತ್ತು 5 ಮಾತ್ರ ಏಕೆ? ‘ಪ್ರತಿ ಅಂಕಿಗೆ ಒಂದು ಕೂಡಿಸಿ, 9 ಇದ್ದರೆ 0 ಮಾಡಿ’ ಎಂದು ಹಲವರು ಬರೆಯುತ್ತಾರೆ. ಅಲ್ಲಿ ಎಡವುವ ಜಾಗವಿದೆ. ಮೊದಲ ಸಾಲು 0.4999… ಇದ್ದು, ಕರ್ಣದ ಉಳಿದ ಅಂಕಿಗಳೆಲ್ಲ 9 ಆದರೆ ಹೊಸ ಸಂಖ್ಯೆ 0.5000… ಆಗುತ್ತದೆ. ಅಂಕಿಗಳು ಬೇರೆಯಾದರೂ ಎರಡೂ ಒಂದೇ ಸಂಖ್ಯೆ! 0 ಮತ್ತು 9ನ್ನು ದೂರವಿಟ್ಟರೆ ಈ ತೊಡಕು ಇಲ್ಲ.

ಇದೇ ವಾದವನ್ನು ಭಿನ್ನರಾಶಿಗಳಿಗೆ ಹಚ್ಚಲಾಗದೆ ಎಂದೂ ಕೆಲವರು ಕೇಳುತ್ತಾರೆ. ಆಗಲೂ ಹೊಸ ಸಂಖ್ಯೆ ಸಿಗುತ್ತದೆ, ಆದರೆ ಅದರ ದಶಮಾಂಶ ಆವರ್ತವಾಗುವುದಿಲ್ಲ, ಅದು ಅಭಾಗಲಬ್ಧ, ಅಂದರೆ ಭಿನ್ನರಾಶಿಯಾಗಿ ಬರೆಯಲಾಗದ್ದು. ಪಟ್ಟಿಯಲ್ಲಿ ಇರಬೇಕಾದದ್ದೇ ಅಲ್ಲ.

ಪ್ರಶ್ನೆ: 1ನ್ನು 0ಯಿಂದ ಭಾಗಿಸಿದರೆ ಬರುವುದು ಈ ಅನಂತವೆ?
– ಓದುಗರು, ಯಲಹಂಕ

ಉತ್ತರ: ಅಲ್ಲ. ಉತ್ತರ ಯಾವುದೇ ಸಂಖ್ಯೆಯಾಗಿದ್ದರೂ ಅದನ್ನು 0ಯಿಂದ ಗುಣಿಸಿದರೆ 1 ಬರಬೇಕಿತ್ತು, ಬರುವುದು 0. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ, 0ಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂದ. 12ನೆಯ ಶತಮಾನದ ಭಾಸ್ಕರಾಚಾರ್ಯ ಅದನ್ನು ‘ಖಹರ’ ಎಂದು ಕರೆದು ಅನಂತವೆಂದ. ಇಂದಿನ ಗಣಿತದಲ್ಲಿ ಅದಕ್ಕೆ ಬೆಲೆ ಕೊಟ್ಟಿಲ್ಲ. ಕ್ಯಾಂಟರ್‌ನ ಅನಂತಗಳು ಗಣಗಳ ಗಾತ್ರ, ಭಾಗಾಕಾರದ ಉತ್ತರವಲ್ಲ.

ಪ್ರಶ್ನೆ: ಕಂಪ್ಯೂಟರ್‌ಗೆ ಮಿತಿಯಿಲ್ಲದ ಮೆಮೊರಿ ಕೊಟ್ಟರೆ ಎಲ್ಲ ವಾಸ್ತವ ಸಂಖ್ಯೆಗಳನ್ನೂ ಲೆಕ್ಕ ಹಾಕಿಸಬಹುದೆ?
– ಸಾಫ್ಟ್‌ವೇರ್ ಎಂಜಿನಿಯರ್, ವೈಟ್‌ಫೀಲ್ಡ್

ಉತ್ತರ: ಆಗದು. ಈಗಿನ 64 ಬಿಟ್ ಲೆಕ್ಕದಲ್ಲಂತೂ ಒಟ್ಟು ವಿನ್ಯಾಸಗಳೇ ಸುಮಾರು 1.84 ಲಕ್ಷ ಕೋಟಿ ಕೋಟಿ, ಅಂದರೆ ಸಾಂತ, ಕೊನೆಯುಳ್ಳದ್ದು. 0.1ಕ್ಕೂ ಅಲ್ಲಿ ನಿಖರ ಜಾಗವಿಲ್ಲ, 0.1ಕ್ಕೆ 0.2 ಕೂಡಿಸಿದರೆ 0.30000000000000004 ಎಂದು ತೋರಿಸುವುದನ್ನು ನೀವು ಕಂಡಿರುತ್ತೀರಿ. ಮೆಮೊರಿಯ ಮಿತಿ ತೆಗೆದರೂ ಪ್ರೋಗ್ರಾಂ ಎನ್ನುವುದು ಕೊನೆಯುಳ್ಳ ಅಕ್ಷರಸಾಲು. ಮೊದಲು ಉದ್ದದ ಪ್ರಕಾರ, ಉದ್ದ ಒಂದೇ ಆದಾಗ ನಿಘಂಟಿನ ಕ್ರಮದಲ್ಲಿ ಜೋಡಿಸಿದರೆ ಎಲ್ಲ ಪ್ರೋಗ್ರಾಂಗಳೂ ಪಟ್ಟಿಗೆ ಬರುತ್ತವೆ. (ಬರೀ ನಿಘಂಟಿನ ಕ್ರಮ ಹಿಡಿದರೆ ಮೊದಲ ಅಕ್ಷರದಲ್ಲೇ ಸಿಕ್ಕಿಬೀಳುತ್ತೀರಿ.) ವಾಸ್ತವ ಸಂಖ್ಯೆಗಳು ಪಟ್ಟಿಗೆ ಬರುವುದಿಲ್ಲ. √2, ಪೈ ಮುಂತಾದವುಗಳನ್ನು ಬೇಕಾದಷ್ಟು ಸ್ಥಾನಗಳವರೆಗೆ ಕೊಡುವ ಪ್ರೋಗ್ರಾಂಗಳಿವೆ. ಉಳಿದ ಬಹುಪಾಲಿಗೆ ಪ್ರೋಗ್ರಾಂ ಇರಲು ಸಾಧ್ಯವೇ ಇಲ್ಲ. ಲೆಕ್ಕಕ್ಕೆ ಸಿಗುವ ಸಂಖ್ಯೆಗಳ ಈ ವಿಚಾರವನ್ನು ಅಲನ್ ಟ್ಯೂರಿಂಗ್ 1936ರಲ್ಲೇ ಬಿಡಿಸಿಟ್ಟ.

ಪ್ರಶ್ನೆ: ಸ್ವಾಭಾವಿಕ ಸಂಖ್ಯೆಗಳದು, ವಾಸ್ತವ ಸಂಖ್ಯೆಗಳದು, ಈ ಎರಡು ಅನಂತಗಳ ನಡುವೆ ಮತ್ತೊಂದು ಇದೆಯೆ? ಎಲ್ಲಕ್ಕಿಂತ ದೊಡ್ಡದು ಯಾವುದು?
– ಓದುಗರು, ರಾಜಾಜಿನಗರ

ಉತ್ತರ: ಎಲ್ಲಕ್ಕಿಂತ ದೊಡ್ಡದು ಎಂಬುದಿಲ್ಲ. 3 ವಸ್ತುಗಳ ಗಣಕ್ಕೆ 8 ಉಪಗಣಗಳಿರುವಂತೆ, ಅನಂತ ಗಣಕ್ಕೂ ಅದರ ಉಪಗಣಗಳ ಗಣ ಯಾವಾಗಲೂ ಹಿರಿದು. ನಡುವೆ ಏನೂ ಇಲ್ಲವೆಂದು ಕ್ಯಾಂಟರ್ 1878ರಲ್ಲಿ ಊಹಿಸಿದ. ಗಣಿತಜ್ಞ ಹಿಲ್ಬರ್ಟ್ 1900ರ ತನ್ನ ಸಮಸ್ಯೆಗಳ ಪಟ್ಟಿಯಲ್ಲಿ ಇದಕ್ಕೆ ಮೊದಲ ಸ್ಥಾನ ಕೊಟ್ಟ. ಗಣಸಿದ್ಧಾಂತದ ರೂಢಿಯ ಸ್ವಯಂಸಿದ್ಧಗಳಲ್ಲಿ (ಸಾಧಿಸದೆಯೇ ಒಪ್ಪಿಕೊಂಡ ಮೂಲ ನಿಯಮಗಳಲ್ಲಿ) ವಿರೋಧಾಭಾಸವಿಲ್ಲದಿದ್ದರೆ ಅವುಗಳಿಂದ ಈ ಊಹೆಯನ್ನು ಸುಳ್ಳೆನ್ನಲಾಗದು ಎಂದು ಗ್ಯೋಡೆಲ್ 1940ರ ಹೊತ್ತಿಗೆ ತೋರಿಸಿದ. ನಿಜವೆಂದು ಸಾಧಿಸಲೂ ಆಗದು ಎಂದು ಪಾಲ್ ಕೋಹೆನ್ 1963ರಲ್ಲಿ ತೋರಿಸಿದ. ಹೊಸ ಸ್ವಯಂಸಿದ್ಧ ಯಾವುದನ್ನು ಒಪ್ಪಬೇಕು ಎಂಬ ಚರ್ಚೆ ತಜ್ಞರಲ್ಲಿ ಇನ್ನೂ ನಡೆದಿದೆ.